ನಾಲ್ಕೇ ಮೊಟ್ಟೆ ಇಡುವ ಹಾವು

ಆ ಹಾವಿನ ಜೊತೆ ಬಂದ ಕಾಗದದಲ್ಲಿ ‘ಬುಲ್ ಸ್ನೇಕ್, ಹೆಣ್ಣು, ವಿಷವಿಲ್ಲ, ಆರೋಗ್ಯವಾಗಿದೆ’ ಎಂದು ಬರೆದಿತ್ತು. ಈ ನಾಲ್ಕರಲ್ಲಿ ಎರಡು ತಪ್ಪು ಎಂದು ಒಪ್ಪಿಸಲು ನನಗೆ ಹೆಚ್ಚುಕಡಿಮೆ ಐದು ತಿಂಗಳು ಹಿಡಿಯಿತು. ಅದರಲ್ಲೂ ಒಂದನ್ನು ಇವತ್ತಿಗೂ ಪೂರ್ತಿಯಾಗಿ ಒಪ್ಪಿಸಲು ಆಗಿಲ್ಲ.

ಇಲ್ಲಿ ಗಲ್ಫಿನಲ್ಲಿ, ಮಿರ್ದಿಫ್ ಎಂಬ ಬಡಾವಣೆಯ ಒಂದು ವಿಲ್ಲಾದಲ್ಲಿ ಯಾರೋ ಅದನ್ನು ಗುಟ್ಟಾಗಿ ಸಾಕಿದ್ದರು. ದೇಶ ಬಿಟ್ಟು ಹೋಗುವ ವಾರ ಅವರಿಗೆ ಕಾನೂನಿನ ನೆನಪಾಗಿ ಸಂಬಂಧಪಟ್ಟವರಿಗೆ ಒಪ್ಪಿಸಿದರು. ಪರವಾನಗಿ ಇರುವ ಜಾಗ ಎಂದು ಅದನ್ನು ನಮ್ಮಲ್ಲಿಗೆ ಕಳಿಸಿದರು. ನಮ್ಮದು ಅಲ್ ಕೂಜ್‌ನ ಗೋದಾಮುಗಳ ಸಾಲಿನಲ್ಲಿರುವ ಒಂದು ಖಾಸಗಿ ಪ್ರಾಣಿ ಪ್ರದರ್ಶನ ಕೇಂದ್ರ. ಮುಂದಿನ ಅರ್ಧದಲ್ಲಿ ಶಾಲೆಯ ಮಕ್ಕಳು ಬಂದು ನೋಡುತ್ತಾರೆ. ಹಿಂದಿನ ಅರ್ಧದಲ್ಲಿ ನಾವು ಬೋನು ತೊಳೆಯುತ್ತೇವೆ, ಆಹಾರ ತೂಗುತ್ತೇವೆ, ಗಾಯಕ್ಕೆ ಮುಲಾಮು ಹಚ್ಚುತ್ತೇವೆ. ಹಲ್ಲಿ, ಆಮೆ, ಹಾವುಗಳ ಹೊಣೆ ನನ್ನದು.

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಹಾವು ಬುಸುಗುಟ್ಟಿದ್ದನ್ನು ಕೇಳಿ ಪಕ್ಕದ ಕೋಣೆಯಿಂದ ಇಬ್ಬರು ಓಡಿ ಬಂದರು. ಗ್ಯಾಸ್ ಪೈಪು ಬಿಟ್ಟುಹೋದ ಹಾಗೆ ಇತ್ತು ಆ ಸದ್ದು. ಈ ಜಾತಿಯ ಹಾವುಗಳ ಗಂಟಲಲ್ಲಿ, ಉಸಿರು ಹೊರಬರುವ ಬಾಯಲ್ಲೇ, ತೆಳುವಾದ ಒಂದು ಪೊರೆ ಇರುತ್ತದೆ. ಗಾಳಿ ಅದಕ್ಕೆ ಬಡಿದು ಸದ್ದು ಹೆಚ್ಚಾಗುತ್ತದೆ. ಬಾಲವನ್ನೂ ಪಟಪಟ ಬಡಿಯುತ್ತದೆ. ಇಷ್ಟೆಲ್ಲ ಮಾಡುವುದು ಹೆದರಿಸಲಿಕ್ಕೆ ಮಾತ್ರ, ವಿಷದ ಹನಿಯೂ ಇಲ್ಲ. ನಾಲ್ಕೂವರೆ ಅಡಿ ಉದ್ದ, ಕೈಮಣಿಕಟ್ಟಿನಷ್ಟು ದಪ್ಪ. ಕುತ್ತಿಗೆಯ ಬಳಿ ಮಚ್ಚೆಗಳು ಒಂದಕ್ಕೊಂದು ಕಲಸಿಹೋಗಿ ಮಸಿ ಒರೆಸಿದ ಹಾಗೆ ಕಾಣುತ್ತಿದ್ದವು. ಬಾಲದ ಕಡೆಗೆ ಹೋದಂತೆ ಅದೇ ಮಚ್ಚೆಗಳು ಒಂದೊಂದೇ ಬಿಡಿಬಿಡಿಯಾಗಿ, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಒಂದೇ ಹಾವಿನ ಎರಡು ತುದಿಗೆ ಎರಡು ಬಗೆ. ನಾನು ಹಿಂದೆ ನೋಡಿದ್ದ ಬುಲ್ ಸ್ನೇಕುಗಳು ಹೀಗಿರಲಿಲ್ಲ. ಆದರೆ ಕಾಗದದಲ್ಲಿ ಹಾಗಿತ್ತು, ನಾನೂ ದಾಖಲೆ ಪುಸ್ತಕದಲ್ಲಿ ಹಾಗೇ ಬರೆದೆ. ನನ್ನ ಮೊದಲ ತಪ್ಪು ಅದು.

ಹಾವು ತಿನ್ನಲಿಲ್ಲ. ಮೊದಲ ವಾರ ಹೊಸ ಜಾಗದ ಭಯ ಎಂದುಕೊಂಡೆ. ಎರಡನೆಯ ವಾರ ಫ್ರೀಜರಿನಿಂದ ತೆಗೆದ ಸತ್ತ ಇಲಿಯನ್ನು ಬಿಸಿನೀರಲ್ಲಿ ಮೈಬೆಚ್ಚಗೆ ಮಾಡಿ ಚಿಮ್ಮಟದಲ್ಲಿ ಹಿಡಿದು ಮೂಗಿನ ಮುಂದೆ ಆಡಿಸಿದೆ. ಮುಖ ತಿರುಗಿಸಿತು. ಚಿಕ್ಕ ಇಲಿ ಕೊಟ್ಟೆ. ಬೇರೆ ಪ್ರಾಣಿಯ ವಾಸನೆ ಹತ್ತಿಸಿ ಕೊಟ್ಟೆ. ಕತ್ತಲೆ ಡಬ್ಬಿಯೊಳಗೆ ಇಲಿಯನ್ನೂ ಹಾವನ್ನೂ ಒಟ್ಟಿಗೆ ಇಟ್ಟು ಸಂಜೆಯವರೆಗೆ ಬಿಟ್ಟೆ. ದೀಪದ ಶಾಖ ಎರಡು ಡಿಗ್ರಿ ಹೆಚ್ಚಿಸಿದೆ, ಮತ್ತೆ ಇಳಿಸಿದೆ. ದಾಖಲೆ ಪುಸ್ತಕದಲ್ಲಿ ‘ತಿನ್ನಲಿಲ್ಲ’ ಎಂದು ಬರೆದೂ ಬರೆದೂ ಕೊನೆಗೆ ಮೇಲಿನ ಸಾಲಿನಂತೆಯೇ ಎಂದು ಚುಕ್ಕಿ ಹಾಕತೊಡಗಿದೆ.

ನಮ್ಮ ಮ್ಯಾನೇಜರ್ ಭಟ್ಕಳದವರು. ಮನೆಯಲ್ಲಿ ನವಾಯತಿ, ನನ್ನ ಜೊತೆ ಕನ್ನಡ. ನಾನು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಎಂದು ಗೊತ್ತಾದ ದಿನದಿಂದ ನನ್ನನ್ನು, ನಮ್ಮ ಕೊಂಕಣಿಯಲ್ಲಿ ಹೆಣ್ಣುಮಕ್ಕಳನ್ನು ಕರೆಯುವಂತೆ, ‘ಬಾಯಿ’ ಎಂದೇ ಕರೆಯುವುದು.

“ಎಂತ ಬಾಯಿ, ರಂಜಾನಿಗೆ ಇನ್ನೂ ವಾರ ಉಂಟು. ನಿಮ್ಮ ಹಾವು ಈಗ್ಲೇ ರೋಜಾ ಹಿಡ್ದದಾ?” ಎಂದು ಒಂದು ದಿನ ನಕ್ಕರು.

ರಂಜಾನ್ ಮುಗಿಯಿತು, ಈದ್ ಆಯಿತು, ಹಾವು ತಿನ್ನಲಿಲ್ಲ. ಅವರ ನಗೆಯೂ ನಿಂತಿತು. ಅವರಿಗೆ ಅದು ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಬೇಕಿತ್ತು. ‘ಅಮೆರಿಕದ ದೊಡ್ಡ ಹಾವು’ ಎಂದು ಬೋರ್ಡ್ ಕೂಡ ಆಗಲೇ ಮಾಡಿಸಿದ್ದರು. ನಾನು ಬೇಡ ಬೇಡ ಎಂದರೂ ಏಪ್ರಿಲ್ ಮೊದಲ ವಾರ ಅದನ್ನು ಅಲ್ಲಿ ಇಟ್ಟರು. ನಾಲ್ಕು ಬದಿ ಬೆಳಕು, ನೆಲಕ್ಕೆ ಎರಡು ಬೆರಳಿನಷ್ಟು ಮರದ ಹೊಟ್ಟು. ಹಾವು ಹಗಲಿಡೀ ಗಾಜಿನ ಒಂದೇ ಮೂಲೆಗೆ ಮೂತಿ ಒತ್ತಿ ಒತ್ತಿ ಮೂಗಿನ ತುದಿಯ ಹುರುಪೆ ಕಿತ್ತುಕೊಂಡಿತು. ನಾನು ದಿನಕ್ಕೆರಡು ಸಲ ಮುಲಾಮು ಹಚ್ಚುವುದು, ಅದು ದಿನವಿಡೀ ಒರೆಸಿಹಾಕುವುದು. ಅದು ಹೊರಗೆ ಹೋಗಲು ನೋಡುತ್ತಿದೆ ಎಂದು ನಾನು ತಿಳಿದಿದ್ದೆ. ಅದು ಕೆಳಗೆ ಹೋಗಲು ನೋಡುತ್ತಿತ್ತು.

ಏಪ್ರಿಲ್ ನಡುವಿಗೆ ಕಣ್ಣು ಹಾಲಿನಂತೆ ಮಬ್ಬಾಯಿತು, ಆಮೇಲೆ ಪೊರೆ ಬಿಟ್ಟಿತು. ಪೊರೆ ಬಿಡುವಾಗ ಹಾವು ತಿನ್ನುವುದಿಲ್ಲವಲ್ಲ, ಇದೇ ಕಾರಣ ಇರಬೇಕೆಂದು ಸಮಾಧಾನವಾಯಿತು. ಪೊರೆ ಬಿಟ್ಟು ವಾರ ಕಳೆದರೂ ತಿನ್ನಲಿಲ್ಲ. ಬದಲಿಗೆ ಮೈಯ ಹಿಂದಿನ ಭಾಗದಲ್ಲಿ ಉಬ್ಬು ಕಾಣಿಸಿತು. ಹೊಟ್ಟು ನುಂಗಿ ಮಲ ಕಟ್ಟಿದೆ ಎಂದು ನಾನೇ ತೀರ್ಮಾನಿಸಿದೆ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಕೂರಿಸಿ, ಹೆಬ್ಬೆರಳಿನಿಂದ ಹೊಟ್ಟೆಯನ್ನು ಬಾಲದ ಕಡೆಗೆ ಮೆಲ್ಲಗೆ ನೀವಿದೆ. ಮೂರು ದಿನ ಹಾಗೆ ಮಾಡಿದೆ. ಇನ್ನೊಂದು ಚೂರು ಬಲ ಹಾಕಿದ್ದರೆ ಒಳಗೇ ಒಡೆದು ಹಾವು ನನ್ನ ಕೈಯಲ್ಲೇ ಸಾಯುತ್ತಿತ್ತು.

ನಾಲ್ಕನೆಯ ದಿನ ಗುರುವಾರ. ವಾರಕ್ಕೊಮ್ಮೆ ಬರುವ ನಮ್ಮ ಪಶುವೈದ್ಯರು ಬಂದರು. ಪುತ್ತೂರಿನ ಕಡೆಯವರು, ವಯಸ್ಸಾದವರು, ಇಲ್ಲಿ ಅವರ ಮುಖ್ಯ ಕೆಲಸ ಕುದುರೆ ಮತ್ತು ಬೆಕ್ಕು. ಕೈಯಲ್ಲಿ ಹಿಡಿಯುವ ಸ್ಕ್ಯಾನಿಂಗ್ ಯಂತ್ರವನ್ನು ಹಾವಿನ ಹೊಟ್ಟೆಯ ಮೇಲೆ ಆಡಿಸಿ ತುಂಬ ಹೊತ್ತು ಪರದೆ ನೋಡಿದರು.

“ಇದು ಮಲ ಅಲ್ಲ ಮಾರಾಯ್ರೆ. ಮೊಟ್ಟೆ.”

“ಮೊಟ್ಟೆಯಾ? ಇಷ್ಟು ದೊಡ್ಡದು?”

“ನನಗೂ ಅದೇ ಡೌಟು. ಬುಲ್ ಸ್ನೇಕ್ ಹೇಳಿದ್ರಲ್ಲ, ಅದಕ್ಕೆ ಹತ್ತು-ಹದಿನೈದು ಸಣ್ಣ ಸಣ್ಣದು ಇರ್ಬೇಕಿತ್ತು. ಇಲ್ಲಿ ನಾಲ್ಕೇ ಉಂಟು. ಒಂದೊಂದು ನಿಮ್ಮ ಅಂಗೈಯಷ್ಟು.”

ಅವರು ಕೈಗವಸು ತೆಗೆಯುತ್ತ ಹೇಳಿದರು: ಮೊಟ್ಟೆ ಹೊರಗೆ ಬರಲು ತಯಾರಿದೆ, ಹಾವು ಹಿಡಿದಿಟ್ಟುಕೊಂಡಿದೆ. ಇನ್ನು ಒಂದು ವಾರ ನೋಡುವುದು. ಅಷ್ಟರಲ್ಲಿ ಇಡದಿದ್ದರೆ ಸೂಜಿ ಹಾಕಿ ಮೊಟ್ಟೆಯೊಳಗಿನದನ್ನು ಎಳೆಯಬೇಕು, ಆಗದಿದ್ದರೆ ಕೊಯ್ಯಬೇಕು. “ಇಷ್ಟು ಸೊರಗಿದ ಹಾವಿಗೆ ಕೊಯ್ದರೆ ಉಳೀತದೆ ಅಂತ ನಾನು ಮಾತು ಕೊಡುದಿಲ್ಲ” ಎಂದರು.

ಅಂದು ಸಂಜೆ ಅಲ್ ಮುರಕ್ಕಬಾತ್‌ನ ನಮ್ಮ ಮನೆಗೆ ಹೋದವಳು ಊಟಕ್ಕೂ ಏಳದೆ ಓದುತ್ತ ಕೂತೆ. ಪೈನ್ ಹಾವುಗಳೂ ಬುಲ್ ಹಾವುಗಳೂ ದಾಯಾದಿಗಳು, ನೋಡಲು ಹತ್ತಿರ. ಅದರಲ್ಲಿ ಲೂಸಿಯಾನಾ ಪೈನ್ ಸ್ನೇಕ್ ಎನ್ನುವುದು ಅಮೆರಿಕದ ದಕ್ಷಿಣದ ಎರಡೇ ರಾಜ್ಯಗಳಲ್ಲಿ, ಉದ್ದೆಲೆಯ ಪೈನ್ ಮರಗಳಿರುವ ಮರಳು ನೆಲದಲ್ಲಿ ಮಾತ್ರ ಉಳಿದಿರುವುದು. ಮರ ಕಡಿದರು, ಕಾಡಿಗೆ ಸಹಜವಾಗಿ ಬೀಳುತ್ತಿದ್ದ ನೆಲಬೆಂಕಿಯನ್ನು ತಡೆದರು. ಪೊದೆ ದಟ್ಟವಾಗಿ ಬೆಳೆದು, ಬಿಸಿಲು ನೆಲಕ್ಕೆ ಬೀಳದೆ ಹುಲ್ಲು ಸತ್ತಿತು. ಆ ಹುಲ್ಲಿನ ಬೇರು ತಿನ್ನುತ್ತಿದ್ದ ಗೋಫರ್ ಎಂಬ ಬಿಲ ತೋಡುವ ಹೆಗ್ಗಣದಂಥ ಪ್ರಾಣಿ ಕಡಿಮೆಯಾಯಿತು. ಹಾವಿನ ಊಟವೂ ಅದೇ, ಮನೆಯೂ ಅದರದ್ದೇ ಬಿಲ. ಕಾಡ್ಗಿಚ್ಚು ಬಂದರೆ ಅಡಗುವುದೂ ಅದೇ ಬಿಲದಲ್ಲಿ. ಜೀವಮಾನದ ಬಹುಪಾಲು ನೆಲದೊಳಗೆ. ಒಂದು ಸಲಕ್ಕೆ ಇಡುವುದು ಮೂರರಿಂದ ಐದು ಮೊಟ್ಟೆ, ಆ ಖಂಡದ ಹಾವುಗಳಲ್ಲೇ ಅತಿ ದೊಡ್ಡ ಮೊಟ್ಟೆ. ಚಿತ್ರದಲ್ಲಿ ಕುತ್ತಿಗೆ ಮಸಿ ಒರೆಸಿದ ಹಾಗೆ, ಬಾಲದಲ್ಲಿ ಇಟ್ಟಿಗೆ ಬಣ್ಣದ ಬಿಡಿ ಮಚ್ಚೆ. ನನ್ನ ಹಾವೇ.

ಎರಡೂವರೆ ತಿಂಗಳು ಮುಖದ ಮುಂದೆ ಇಟ್ಟುಕೊಂಡು ನಾನು ಅದನ್ನು ಗುರುತಿಸಿರಲಿಲ್ಲ. ನೆಲದೊಳಗೆ ಬದುಕುವ ಪ್ರಾಣಿಯನ್ನು ಗಾಜಿನ ಮೇಲೆ ನಿಲ್ಲಿಸಿ, ತಿನ್ನಲಿಲ್ಲ ಎಂದು ದೂರುತ್ತಿದ್ದೆ. ಸಿಟ್ಟು ಬಂದದ್ದು ಕಾಗದ ಬರೆದವರ ಮೇಲಲ್ಲ.

ಮರುದಿನವೇ ಮ್ಯಾನೇಜರರಿಗೆ ಹೇಳಿದೆ. ಅದಕ್ಕೆ ಮೊಟ್ಟೆ ಇಡಲು ಎರಡಡಿ ಆಳದ ಮಣ್ಣು ಬೇಕು, ಮುಂದಿನಿಂದ ತೆಗೆಯಬೇಕು ಎಂದೆ.

“ಸೋಮವಾರ ಎರಡು ಶಾಲೆಯ ಮಕ್ಕಳು ಬರ್ತಾರೆ. ಹಾವು ಅಂತ ಹೇಳಿ ಕರ್ಸಿದ್ದು. ಅವ್ರು ಹಾವು ನೋಡ್ಲಿಕ್ಕೆ ಬರೂದಾ, ಮಣ್ಣು ನೋಡ್ಲಿಕ್ಕಾ?”

“ಭಾಯ್, ಇದು ಬುಲ್ ಸ್ನೇಕ್ ಅಲ್ಲ. ಲೋಕದಲ್ಲೇ ಸ್ವಲ್ಪ ಉಳಿದಿರುವ ಹಾವು.”

“ಪೇಪರಲ್ಲಿ ಎಂತ ಉಂಟು?”

“ಬುಲ್ ಸ್ನೇಕ್.”

“ಹಾಗಾದ್ರೆ ಬುಲ್ ಸ್ನೇಕ್. ಸೋಮವಾರ ಕಳೀಲಿ, ಆಮೇಲೆ ನೋಡುವ. ಯಲ್ಲಾ, ಹೊರಡಿ.” ಫೋನು ಬಂತು, ಅವರು ಹೋದರು.

ಶನಿವಾರ ಅವರಿಗೆ ರಜೆ. ನನಗೆ ಕೆಲಸವಿತ್ತು. ಹಿಂದಿನ ಕೋಣೆಯಲ್ಲಿ ಆಮೆಗಳಿಗೆಂದು ಕಟ್ಟಿಸಿ ಖಾಲಿ ಬಿಟ್ಟಿದ್ದ ಉದ್ದನೆಯ ತೊಟ್ಟಿಯೊಂದಿತ್ತು, ಅದರ ಒಂದು ಬದಿ ಗಾಜು. ಅದಕ್ಕೆ ಮಣ್ಣು ತುಂಬಿಸಿ ಹಾವನ್ನು ಸಾಗಿಸುವುದೆಂದು ನಿರ್ಧರಿಸಿದೆ. ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದು ಗೊತ್ತಿತ್ತು. ನನ್ನ ವೀಸಾ ಇರುವುದು ಇದೇ ಕೆಲಸದ ಮೇಲೆ. ಕೆಲಸ ಹೋದರೆ ಮನೆ ಖಾಲಿ ಮಾಡುವ ಮಾತೂ ಅದರ ಹಿಂದೆಯೇ ಬರುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಇದನ್ನೆಲ್ಲ ಲೆಕ್ಕ ಹಾಕಿದೆ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಆ ಹರಿದ ಮೂಗು ನೋಡಿದ ಮೇಲೆ ಮತ್ತೆ ಲೆಕ್ಕ ಹಾಕಲಿಲ್ಲ.

ಕಷ್ಟ ಶುರುವಾದದ್ದು ಮಣ್ಣಿನಲ್ಲೇ. ಎಲ್ಲಿ ನೋಡಿದರೂ ಮರಳಿರುವ ದೇಶ ಇದು. ಉಡಗಳಿಗೆಂದು ತಂದಿಟ್ಟಿದ್ದ ದಿಬ್ಬದ ಕೆಂಪು ಮರಳಿನ ಚೀಲಗಳನ್ನೇ ಸುರಿದೆ. ಹಾವನ್ನು ಬಿಟ್ಟ ಕೂಡಲೇ ಅದು ಮೂತಿ ತೂರಿಸಿತು. ಒಂದು ಗೇಣು ಒಳಗೆ ಹೋಗುವಷ್ಟರಲ್ಲಿ ಮರಳು ನೀರಿನಂತೆ ಜಾರಿ ಬಿಲ ಮುಚ್ಚಿಹೋಯಿತು. ಮತ್ತೆ ತೂರಿಸಿತು, ಮತ್ತೆ ಮುಚ್ಚಿತು. ಗಾಳಿ ಉಜ್ಜಿ ಉಜ್ಜಿ ನುಣುಪಾದ ಕಾಳು ಅದು, ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ಹತ್ತನೆಯ ಸಲಕ್ಕೆ ಹಾವು ಸುಸ್ತಾಗಿ ಮೂಲೆಯಲ್ಲಿ ಮುದುಡಿತು. ನಾನೂ ತೊಟ್ಟಿಯ ಅಂಚಿನಲ್ಲಿ ಕೂತೆ. ಅಳು ಬರುವಷ್ಟು ರೇಗಿಹೋಗಿತ್ತು.

ಹಾವನ್ನು ಡಬ್ಬಿಗೆ ಹಾಕಿ, ಸುರಿದದ್ದನ್ನೆಲ್ಲ ಮೊಗೆದು ತೆಗೆದೆ. ಎರಡು ಗಲ್ಲಿ ಆಚೆ ಕಟ್ಟಡ ಸಾಮಾನಿನ ಅಂಗಡಿಯಿಂದ ತೊಳೆದ ಒರಟು ಮರಳು ತಂದೆ. ತೋಟದವರು ಇಲ್ಲಿ ‘ಸ್ವೀಟ್ ಸಾಯಿಲ್’ ಎನ್ನುವ, ಉಪ್ಪಿಲ್ಲದ ಮಣ್ಣನ್ನು ನರ್ಸರಿಯಿಂದ ತರಿಸಿದೆ. ಎರಡು ಪಾಲು ಮರಳು, ಒಂದು ಪಾಲು ಮಣ್ಣು, ಸ್ವಲ್ಪ ತೆಂಗಿನ ನಾರಿನ ಪುಡಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಿ ನಿಲ್ಲಬೇಕು, ಕೈಗೆ ನೀರು ಹತ್ತಬಾರದು, ಅಷ್ಟು ಮಾತ್ರ ನೀರು ಚಿಮುಕಿಸಿ ಸಲಿಕೆಯಲ್ಲಿ ಕಲಸಿದೆ. ಗಾಜಿಗೆ ತಾಗಿಸಿ ಉದ್ದುದ್ದ ಸೀಳಿದ ಒಂದು ಪೈಪನ್ನು, ಒಂದು ಬಾಯಿ ಮೇಲಕ್ಕೆ ತೆರೆದಿರುವ ಹಾಗೆ ಹೂತೆ, ಒಳಗೆ ಏನಾಗುತ್ತದೆ ಎಂದು ಹೊರಗಿನಿಂದ ಕಾಣಲಿ ಎಂದು. ಗಾಜಿನ ಮೇಲೆ ಕಪ್ಪು ಕಾಗದ ಅಂಟಿಸಿದೆ. ಐದು ಗಂಟೆಗೆ ಹಾವನ್ನು ಬಿಟ್ಟೆ.

ಅದು ತೋಡಿದ ರೀತಿಯನ್ನು ನಾನು ಮರೆಯುವುದಿಲ್ಲ. ಚೂಪು ಮೂತಿಯಿಂದ ಮಣ್ಣು ಸಡಿಲಿಸಿ, ಕುತ್ತಿಗೆಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಆ ಬಾಗಿನಲ್ಲಿ ಮಣ್ಣನ್ನು ಹಿಡಿದು ಹಿಂದೆ ಹಿಂದೆ ಬಂದು ಹೊರಗೆ ಚೆಲ್ಲುತ್ತಿತ್ತು. ಮತ್ತೆ ಒಳಗೆ. ಕೈಯಿಲ್ಲ, ಕಾಲಿಲ್ಲ, ಎರಡೂವರೆ ತಿಂಗಳಿಂದ ಹೊಟ್ಟೆಗೆ ಏನೂ ಇಲ್ಲ. ಬಿಲ ಕುಸಿಯಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಬಾಲದ ತುದಿಯೂ ಕಾಣದಾಯಿತು.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಖಾಲಿ ಗಾಜಿನ ಪೆಟ್ಟಿಗೆಯ ಮುಂದಿನಿಂದ ನೇರ ಹಿಂದಿನ ಕೋಣೆಗೆ ಬಂದರು.

“ಹಾವೆಲ್ಲಿ?”

ನಾನು ಮಣ್ಣು ತೋರಿಸಿದೆ.

“ನನ್ನತ್ರ ಒಂದು ಮಾತು ಕೇಳ್ಲಿಲ್ಲ ನೀವು.”

“ಕೇಳಿದ್ದೆ ಭಾಯ್. ನೀವು ಸೋಮವಾರ ಕಳೀಲಿ ಅಂದ್ರಿ. ಅದು ಸೋಮವಾರದವರೆಗೆ ಕಾಯುದಿಲ್ಲ.”

“ನಿಮ್ಗೆ ಹಾವೊಂದೇ. ನನ್ಗೆ ಮಕ್ಳು, ಟೀಚರ್ಸ್, ಮೇಲಿನವ್ರು ಎಲ್ಲ ಉಂಟು. ಇನ್ನೊಂದ್ಸಲ ಹೀಗ್ಮಾಡಿದ್ರೆ ವಾರ್ನಿಂಗ್ ಲೆಟರ್. ಖಲಾಸ್.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ದಿನ ನಾನೇ ಮಕ್ಕಳಿಗೆ ಹಲ್ಲಿಗಳನ್ನು ತೋರಿಸಿದೆ. ಮ್ಯಾನೇಜರ್ ದಿನವಿಡೀ ನನ್ನ ಕಡೆ ನೋಡಲಿಲ್ಲ.

ಬುಧವಾರ ಮಧ್ಯಾಹ್ನ ಕಪ್ಪು ಕಾಗದ ಎತ್ತಿ ನೋಡಿದಾಗ ಹಾವು ಜೋತುಬಿದ್ದ ಚೀಲದಂತಾಗಿತ್ತು. ಅದರ ಸುತ್ತಿನ ನಡುವೆ ಮೊಟ್ಟೆಗಳು. ನಾಲ್ಕೇ. ಒಂದಕ್ಕೊಂದು ಅಂಟಿಕೊಂಡಿದ್ದವು. ಉರುಳಿಸಬಾರದೆಂದು ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಅಂಟಿಕೊಂಡ ಹಾಗೆಯೇ ಎತ್ತಿ, ತೇವ ಹಿಡಿದಿಡುವ ಖನಿಜದ ಪುಡಿಯನ್ನು ಒದ್ದೆ ಮಾಡಿ ಹಿಂಡಿ ತುಂಬಿದ ಡಬ್ಬಿಯಲ್ಲಿ ಇಪ್ಪತ್ತೆಂಟು ಡಿಗ್ರಿ ಶಾಖಕ್ಕೆ ಇಟ್ಟೆ. ಮ್ಯಾನೇಜರ್ ಬಂದು ನೋಡಿ, “ಇಷ್ಟು ದೊಡ್ಡದು ಇದ್ರ ಹೊಟ್ಟೇಲಿ ಇತ್ತಾ?” ಎಂದು ಮೊದಲ ಸಲ ಮೆಲುದನಿಯಲ್ಲಿ ಕೇಳಿದರು.

ಅಮೆರಿಕದ ಒಂದು ಮೃಗಾಲಯದಲ್ಲಿ ಈ ಹಾವುಗಳನ್ನು ಮರಿ ಮಾಡಿಸಿ ಕಾಡಿಗೆ ಬಿಡುವವರಿಗೆ ಅಂದೇ ಫೋಟೊ ಕಳಿಸಿದೆ. ಅಲ್ಲಿನ ಮೇಲ್ವಿಚಾರಕಿಯಿಂದ ಮರುದಿನವೇ ಉತ್ತರ ಬಂತು. ಲೂಸಿಯಾನಾ ಪೈನ್ ಸ್ನೇಕ್ ಎಂಬುದರಲ್ಲಿ ತನಗೆ ಅನುಮಾನವಿಲ್ಲ ಎಂದು ಬರೆದಿದ್ದಳು. ಗಂಡಿನ ಜೊತೆ ಇತ್ತೇ, ಮೊಟ್ಟೆಯಲ್ಲಿ ಜೀವ ಉಂಟೇ ಎಂದೂ ಕೇಳಿದ್ದಳು. ಮಿರ್ದಿಫ್‌ನವರ ಹಳೆಯ ನಂಬರಿಗೆ ಹತ್ತಾರು ಸಲ ಫೋನು ಮಾಡಿದೆ. ನಂಬರ್ ಚಾಲ್ತಿಯಲ್ಲಿಲ್ಲ.

ವಾರದ ಮೇಲೆ ಕೋಣೆ ಕತ್ತಲೆ ಮಾಡಿ ಮೊಟ್ಟೆಗಳ ಹಿಂದೆ ಟಾರ್ಚ್ ಹಿಡಿದೆ. ಜೀವವಿದ್ದರೆ ಕೆಂಪು ನರಗಳ ಜಾಲ ಕಾಣಬೇಕು. ಕಂಡದ್ದು ಬರೀ ಹಳದಿ. ವೈದ್ಯರೂ ನೋಡಿ ತಲೆಯಾಡಿಸಿದರು. ಗಂಡಿಲ್ಲದೆಯೂ ಕೆಲವು ಹಾವುಗಳು ಹೀಗೆ ಮೊಟ್ಟೆ ಇಡುತ್ತವೆ, ಎಸೆಯಿರಿ ಎಂದರು. ನಾನು ಎಸೆಯಲಿಲ್ಲ. ಒಂದೊಂದಾಗಿ ಕುಸಿದು, ಬೂಸ್ಟು ಹಿಡಿದು, ವಾಸನೆ ಬರುವವರೆಗೆ ಇಟ್ಟೆ. ಗೊತ್ತಿದ್ದೂ ಇಟ್ಟೆ. ಕೊನೆಯದನ್ನು ಎಸೆದ ದಿನ ಅಮೆರಿಕದವಳಿಗೆ ಎರಡು ಸಾಲು ಬರೆದೆ. ಅವಳೂ ಎರಡೇ ಸಾಲು ಬರೆದಳು.

ಇತ್ತ ಮೊಟ್ಟೆ ಇಟ್ಟ ಹಾವು ಇನ್ನೂ ತಿನ್ನುತ್ತಿರಲಿಲ್ಲ. ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಬಿಲದ ಬಾಯಲ್ಲಿ ಇಟ್ಟ ಇಲಿ ಬೆಳಿಗ್ಗೆ ಹಾಗೇ ಇರುತ್ತಿತ್ತು. ಬಲವಂತವಾಗಿ ಗಂಟಲಿಗೆ ಕೊಳವೆ ಇಳಿಸುವ ಮಾತು ವೈದ್ಯರು ಎತ್ತಿದರು. ಅಷ್ಟರಲ್ಲಿ ನನಗೆ ಹೊಳೆದದ್ದು ಇಷ್ಟೆ: ಇದು ಕಾಡಿನಲ್ಲಿ ಗೋಫರನ್ನು ಹಿಡಿಯುವುದು ಸುರಂಗದೊಳಗೆ. ಅಲ್ಲಿ ಸುತ್ತಿಕೊಳ್ಳಲು ಜಾಗವಿರುವುದಿಲ್ಲ. ನಾನು ಬಯಲಿನಲ್ಲಿ ಉಣ್ಣು ಎನ್ನುತ್ತಿದ್ದೇನೆ.

ಗಾಜಿಗೆ ತಾಗಿದ ಸೀಳು ಪೈಪಿನಲ್ಲಿ ಹಾವು ಮಲಗಿದ್ದಾಗ, ಕಪ್ಪು ಕಾಗದ ಎತ್ತಿಟ್ಟು, ಬೆಚ್ಚಗಿನ ಇಲಿಯನ್ನು ಕಡ್ಡಿಯ ತುದಿಗೆ ಕಟ್ಟಿ ಪೈಪಿನ ಇನ್ನೊಂದು ಬಾಯಿಯಿಂದ ಒಳಗೆ ನೂಕಿದೆ. ನೂಕಿ ಸ್ವಲ್ಪ ಹಿಂದೆಳೆದೆ, ಓಡುವ ಪ್ರಾಣಿಯಂತೆ. ಮ್ಯಾನೇಜರ್ ಅದೇ ಹೊತ್ತಿಗೆ ಏನೋ ಸಹಿ ಬೇಕೆಂದು ಬಂದವರು ಗಾಜಿನ ಆ ಕಡೆ ನಿಂತಿದ್ದರು.

“ಬಾಯಿ, ಅದು ತಲೆ ಎತ್ತಿತು” ಎಂದರು.

“ಮಾತಾಡ್ಬೇಡಿ ಭಾಯ್.”

ಕಡ್ಡಿ ಕೈಯಿಂದ ಕಿತ್ತುಹೋಯಿತು. ಓಡಿ ಗಾಜಿನ ಕಡೆ ಬಂದೆ. ಹಾವು ಇಲಿಗೆ ಸುತ್ತಿಕೊಂಡಿರಲಿಲ್ಲ. ಪಕ್ಕದಲ್ಲಿ ಹರಿದು ಮುಂದೆ ಹೋಗಿ, ತನ್ನ ಮೈಯನ್ನೇ ಒಂದು ಗೋಡೆ ಮಾಡಿ, ಇಲಿಯನ್ನು ಪೈಪಿನ ಗೋಡೆಗೆ ಅದುಮಿ ಹಿಡಿದಿತ್ತು. ಸತ್ತ ಇಲಿ ಎಂದು ಅದಕ್ಕೆ ಹೇಳುವವರಾರು? ಹತ್ತು ನಿಮಿಷ ಅದುಮಿ, ಆಮೇಲೆ ತಲೆ ಹುಡುಕಿ, ನುಂಗಿತು. ಬಾಲ ಒಳಗೆ ಹೋಗುವವರೆಗೆ ನಾವಿಬ್ಬರೂ ನೆಲದ ಮೇಲೆ ಮಂಡಿಯೂರಿ ನೋಡಿದೆವು. ಮ್ಯಾನೇಜರ್ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡರು.

“ಈ ತೊಟ್ಟಿಯನ್ನೇ ಮುಂದೆ ಇಡುವ. ಮಣ್ಣಿನ ಸಮೇತ. ಕಂಡವ್ರಿಗೆ ಕಂಡೀತು, ಕಾಣದವ್ರಿಗೆ ಇಲ್ಲ” ಎಂದರು. ಸಹಿ ಕೇಳುವುದನ್ನು ಮರೆತೇ ಹೋದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಮೆರಿಕದವಳು ಇನ್ನೊಂದು ದಾರಿ ತೋರಿಸಿದ್ದಳು. ಅಬುಧಾಬಿಯ ಒಂದು ತಳಿ ಸಂರಕ್ಷಣಾ ಕೇಂದ್ರ ಈ ಹಾವನ್ನು ಪಡೆದು, ಬಿಟ್ಟ ಪೊರೆಯಿಂದ ಡಿಎನ್ಎ ಪರೀಕ್ಷೆ ಮಾಡಿಸಿ, ಸರಿಯಾದ ಗಂಡು ಸಿಕ್ಕರೆ ಜೋಡಿ ಮಾಡಬಹುದು. ಅದಕ್ಕೆ ಕಾಗದದಲ್ಲಿ ಹಾವಿನ ಜಾತಿ ಸರಿ ಇರಬೇಕು. ಬುಲ್ ಸ್ನೇಕ್ ಎಂದಿದ್ದರೆ ಅವರು ಮುಟ್ಟುವುದಿಲ್ಲ.

ಹಾವನ್ನು ನಮಗೆ ಕಳಿಸಿದ್ದ ಸರ್ಕಾರಿ ಕಚೇರಿಯವರು ಹೇಳಿದ್ದು, ಒಪ್ಪಿಸಿದವರೇ ಬಂದು ತಿದ್ದುಪಡಿಗೆ ಸಹಿ ಹಾಕಬೇಕು. ಅವರು ದೇಶದಲ್ಲಿಲ್ಲ. ಹಾಗಾದರೆ ವೈದ್ಯರ ಪತ್ರ. ಪತ್ರ ತಂದರೆ, ಅರಬ್ಬಿ ಅನುವಾದ. ಅನುವಾದ ತಂದರೆ, ನಮ್ಮ ಕೇಂದ್ರದ ಮೊಹರು. ಜೂನ್ ಪೂರ್ತಿ ಹೀಗೆ ಹೋಯಿತು. ಪ್ರತಿ ಸಲ ಅರ್ಜಿ ಟೈಪು ಮಾಡಿಸಲು ಮನೆಯ ಹತ್ತಿರದ ಟೈಪಿಂಗ್ ಸೆಂಟರಿಗೆ ಹೋಗುತ್ತಿದ್ದೆ. ಅಲ್ಲಿ ಟೈಪು ಮಾಡುವವನು ಕುಂದಾಪುರದವನು.

ಜುಲೈ ಕೊನೆಗೆ ತಿದ್ದಿದ ಕಾಗದ ಬಂತು. ಬಿಸಿಲಲ್ಲಿ ನಡೆದು ಹೋಗಿ ಟೈಪಿಂಗ್ ಸೆಂಟರಿನಲ್ಲೇ ಲಕೋಟೆ ಒಡೆದೆ. ಜಾತಿ: ‘ಪೈನ್ ಸ್ನೇಕ್’. ಅಷ್ಟೇ. ಪೈನ್ ಸ್ನೇಕುಗಳಲ್ಲಿ ಬೇರೆ ಬೇರೆ ಇವೆ, ಸಾಕುವವರ ಬಳಿ ಬೇಕಾದಷ್ಟು ಸಿಗುವವೂ ಇವೆ. ಅಪರೂಪದ್ದು ಲೂಸಿಯಾನಾದ್ದು. ಆ ಒಂದು ಶಬ್ದವನ್ನೇ ಬಿಟ್ಟಿದ್ದರು.

“ಆಯ್ತಲ್ಲ ಅಕ್ಕ, ಖುಷಿಯಾ?” ಎಂದ ಕುಂದಾಪುರದವನು.

ನಾನು ಕಾಗದವನ್ನು ಅವನ ಮುಂದೆ ಇಟ್ಟೆ. ಅವನು ಓದಿ ನನ್ನ ಮುಖ ನೋಡಿದ.

“ಹಾವು ಹಾವೇ ಅಲ್ದಾ ಅಕ್ಕ?”

ಮುಖದ ಬೆವರು ಒರೆಸಿಕೊಂಡು ನಾನು ಎದುರಿನ ಸ್ಟೂಲಿನಲ್ಲಿ ಕೂತೆ. ತೊಟ್ಟಿಯಲ್ಲಿ ಅದು ಆ ವಾರ ಮೂರನೆಯ ಇಲಿ ತಿಂದಿತ್ತು, ಮೂಗಿನ ಗಾಯಕ್ಕೆ ಹೊಸ ಹುರುಪೆ ಬಂದಿತ್ತು.

“ಇನ್ನೊಂದು ಅರ್ಜಿ ಹಾಕು” ಎಂದೆ. “ಈ ಸಲ ಒಂದೇ ಶಬ್ದ.”

ಅವನು ನಿಟ್ಟುಸಿರು ಬಿಟ್ಟು ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡ. “ಸ್ಪೆಲ್ಲಿಂಗ್ ಹೇಳಿ” ಎಂದ.